ಕಾಗದದ ಚಿಕ್ಕಿ

ದೇವಕಿ ಚಿಕ್ಕಿ, ಅಂದರೆ ಚಿಕ್ಕಮ್ಮ, ಆದದ್ದು ಶಿರಸಿಯ ಒಬ್ಬ ಟ್ರಾವೆಲ್ ಏಜೆಂಟನ ಮೇಜಿನೆದುರು. ಅಲ್ಲಿಯವರೆಗೆ ಅವಳು ಸುಜಯ ಹೆಗಡೆಯವರ ಮನೆಯ ಅಡಿಗೆಯವಳು. ಹನ್ನೊಂದು ವರ್ಷದಿಂದ ಆ ಮನೆಯ ಒಲೆ, ಉಪ್ಪಿನಕಾಯಿ ಭರಣಿ, ಮೊಸರಿನ ಗಡಿಗೆ ಎಲ್ಲವೂ ಅವಳ ಕೈಯಲ್ಲೇ ಇದ್ದವು.

ಸುಜಯ ಹೆಗಡೆಯವರದು ಕಾಳುಮೆಣಸು, ಏಲಕ್ಕಿಯ ವ್ಯಾಪಾರ. ಹೆಂಡತಿ ಅಭಿಜ್ಞಾ, ಹತ್ತೊಂಬತ್ತರ ಮಗಳು ಸಮೃದ್ಧಿ, ಎಂಬತ್ತರ ಹತ್ತಿರದ ತಾಯಿ ಸುಬ್ಬಲಕ್ಷ್ಮಮ್ಮ. ಈ ಸುಬ್ಬಲಕ್ಷ್ಮಮ್ಮ ಗಂಡ ತೀರಿಕೊಂಡಾಗಿನಿಂದ ಕಟ್ಟುನಿಟ್ಟಿನ ಮಡಿಯವರು. ಮಿಂದು ಮಡಿಯುಟ್ಟು ಬೇಯಿಸಿದ್ದನ್ನಲ್ಲದೆ ಬಾಯಿಗಿಡುತ್ತಿರಲಿಲ್ಲ. ಸೊಸೆಗೆ ಅಷ್ಟೆಲ್ಲ ಸಂಭಾಳಿಸುವುದು ಆಗದು. ಹಾಗಾಗಿ ದೇವಕಿ. ಅವಳ ಗಂಡ ನಾಗಪತಿ ಸಿದ್ದಾಪುರದ ಕಡೆಯ ಅಡಿಗೆ ಭಟ್ಟ. ಅವನು ಸತ್ತು ಹದಿನಾಲ್ಕು ವರ್ಷವಾಗಿತ್ತು. ತೋಟವಿಲ್ಲ, ಗದ್ದೆಯಿಲ್ಲ, ಅವನು ಬಿಟ್ಟುಹೋದದ್ದು ಕೈಯ ರುಚಿಯೊಂದೇ. ಅದರಿಂದಲೇ ಅವಳು ಮಗಳು ಭೂಮಿಕಾಳನ್ನು ಓದಿಸಿ ಯಲ್ಲಾಪುರಕ್ಕೆ ಮದುವೆ ಮಾಡಿಕೊಟ್ಟು, ತಾನು ಶಿರಸಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು.

ಫ್ರಾನ್ಸಿಗೆ ಹೋಗುವ ಯೋಚನೆ ಅಭಿಜ್ಞಾಳದು. ಅವಳ ಗೆಳತಿಯೊಬ್ಬಳು ಹಿಂದಿನ ವರ್ಷ ಅಲ್ಲಿಯ ಕಡಲ ದಂಡೆಯ ಒಂದು ಹಳ್ಳಿಯಲ್ಲಿ ಕಲ್ಲಿನ ಮನೆ ಬಾಡಿಗೆಗೆ ಹಿಡಿದು ಎರಡು ವಾರ ಇದ್ದು ಬಂದಿದ್ದಳು. ಆ ಫೋಟೋಗಳನ್ನು ನೋಡಿದಂದಿನಿಂದ ಅಭಿಜ್ಞಾಳಿಗೆ ಅದೇ ಧ್ಯಾನ. "ಪ್ಯಾರಿಸ್ಸಿಗೆ ಎಲ್ಲಾ ಹೋಗ್ತ. ಎಂಗ ಅಲ್ಲಿ ಹಳ್ಳಿ ನೋಡವು" ಅಂದಳು. ಒಂದು ಹಳ್ಳಿಯವರು ಇನ್ನೊಂದು ಹಳ್ಳಿ ನೋಡಲು ವಿಮಾನ ಹತ್ತುವುದು ದೇವಕಿಗೆ ನಗೆ ತರಿಸಿತ್ತು. ತಾಯಿಯನ್ನು ಏನು ಮಾಡುವುದು ಎಂಬ ಮಾತು ಬಂದಾಗ ಸುಬ್ಬಲಕ್ಷ್ಮಮ್ಮ ತಾವೇ ತೀರ್ಮಾನ ಕೊಟ್ಟರು.

"ಕಾಶಿ ಆತು, ರಾಮೇಶ್ವರ ಆತು. ಇದೊಂದು ಬಾಕಿ ಎಂತಕ್ಕೆ? ಆನೂ ಬತ್ತೆ."

ಅವರು ಹೊರಟರೆಂದ ಮೇಲೆ ದೇವಕಿಯೂ ಹೊರಡಲೇಬೇಕು. ಅಡಿಗೆಯವಳೆಂದು ಬರೆದರೆ ಕರಾರಿನ ಕಾಗದ, ಆ ದೇಶದ ಅನುಮತಿ, ನೂರೆಂಟು ತಾಪತ್ರಯ ಎಂದು ಏಜೆಂಟ ತಲೆ ಕೆರೆದುಕೊಂಡ. "ಸಂಬಂಧಿಕರು ಅಂತ ಹಾಕಿಬಿಡಿ ಸರ್. ಮೇಡಮ್ಮಿನ ಚಿಕ್ಕಮ್ಮ. ಯಾರು ಕೇಳ್ತಾರೆ?"

ದೇವಕಿ ಅಭಿಜ್ಞಾಳನ್ನು ಪಕ್ಕಕ್ಕೆ ಕರೆದಳು. ವಯಸ್ಸಿನಲ್ಲಿ ಅಭಿಜ್ಞಾ ಏಳು ವರ್ಷ ಚಿಕ್ಕವಳಾದರೂ ಅವಳನ್ನು ಅಕ್ಕ ಎಂದೇ ಕರೆಯುವ ರೂಢಿ. "ಸುಳ್ಳು ಹೇಳಿ ಹೋಪದು ಬ್ಯಾಡ ಅಕ್ಕ. ನಾಳೆ ಎಂತಾರೂ ಆದ್ರೆ?"

"ಎಂತಾ ಸುಳ್ಳು ದೇವಕಿ? ನೀನು ಎಂಗಕ್ಕೆ ಚಿಕ್ಕಿಗಿಂತ ಹೆಚ್ಚೇಯ. ಆಯಿಯ ನೋಡ್ಕಂಡಿದ್ದು ನೀನೇ ಅಲ್ದಾ? ಅಲ್ಲಿ ನೀನೂ ಎಲ್ಲಾ ನೋಡ್ಲಕ್ಕು. ಬಾ."

ಆಯಿ ಎಂದರೆ ತಾಯಿ; ಅಭಿಜ್ಞಾಳ ಆಯಿ ಹೆಗಡೆಕಟ್ಟಾದ ಭಾಗೀರಥಿ. ಐದು ವರ್ಷದ ಹಿಂದೆ ಕಾಯಿಲೆಯಾಗಿ ಮಗಳ ಮನೆಗೆ ಬಂದವರು ಮೂರು ತಿಂಗಳು ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ಅವರಿಗೆ ಗಂಜಿ ಕುಡಿಸಿ, ಬೆನ್ನೊರೆಸಿ, ಮಗ್ಗಲು ಬದಲಿಸಿದವಳು ದೇವಕಿ. ಅದನ್ನು ಅಭಿಜ್ಞಾ ನೆನಪಿಟ್ಟುಕೊಂಡು ಹೇಳಿದ್ದು ಅವಳಿಗೆ ಹಿತವಾಯಿತು. ಸಹಿ ಮಾಡಿದಳು. ಭಾಗೀರಥಿಗೆ ಇದ್ದದ್ದು ನಾಲ್ವರು ತಂಗಿಯರು. ಕಾಗದದ ಮೇಲೆ ಐದನೆಯವಳು ಹುಟ್ಟಿದಳು. ಬೆಂಗಳೂರಿನ ವೀಸಾ ಕಚೇರಿಗೆ ಹೋಗುವ ದಾರಿಯಲ್ಲಿ ಅವಳು ಇಲ್ಲದ ತಂದೆಯ ಹೆಸರು, ಅಕ್ಕಂದಿರ ಹೆಸರು, ಯಾರನ್ನು ಯಾವ ಊರಿಗೆ ಕೊಟ್ಟದ್ದು ಎಂಬುದನ್ನೆಲ್ಲ ಸಂಧ್ಯಾವಂದನೆಯಂತೆ ಬಾಯಿಪಾಠ ಮಾಡಿದಳು. ಕೌಂಟರಿನ ಹುಡುಗಿ ಕೇಳಿದ್ದು ಎರಡೇ ಪ್ರಶ್ನೆ.

ಹೊರಡುವ ಮುಂಚೆ ಮಗಳಿಗೆ ಹೇಳಲು ಯಲ್ಲಾಪುರಕ್ಕೆ ಹೋದಳು. ಭೂಮಿಕಾ ಅಲ್ಲಿ ಬಾಲವಾಡಿಯ ಟೀಚರು, ಸುತ್ತು ಬಳಸಿನ ಮಾತು ಅವಳಿಗೆ ಬಾರದು.

"ಅವು ಕರ್ಕಂಡು ಹೋಪದು ನಿನ್ನನ್ನಲ್ಲ ಆಯಿ, ನಿನ್ನ ಕೈಯನ್ನ" ಅಂದಳು.

"ಕೈ ಹೋದಲ್ಲಿ ಕಣ್ಣೂ ಹೋಗ್ತಲ್ಲೇ ಕೂಸೆ" ಎಂದು ದೇವಕಿ ನಕ್ಕಳು.

ಮೇ ತಿಂಗಳ ಕೊನೆಗೆ ಹೋದರು. ಎರಡು ದೊಡ್ಡ ಪೆಟ್ಟಿಗೆಯ ತುಂಬ ಅಕ್ಕಿ, ಒಣಕೊಬ್ಬರಿ, ಹುಣಸೆ, ಮಿಡಿ ಉಪ್ಪಿನಕಾಯಿ, ಬೆಲ್ಲ, ಹಿಂಗು, ಸುಬ್ಬಲಕ್ಷ್ಮಮ್ಮನ ಪಾತ್ರೆಗಳು. ಪ್ಯಾರಿಸ್ಸಿನಿಂದ ಬಾಡಿಗೆ ಕಾರಿನಲ್ಲಿ ಅರ್ಧ ದಿನದ ದಾರಿ. ಮನೆ ಫೋಟೋದಲ್ಲಿದ್ದ ಹಾಗೇ ಇತ್ತು: ಬೂದುಗಲ್ಲಿನ ಗೋಡೆ, ಕಪ್ಪು ಕಲ್ಲುಹಲಗೆಯ ಮಾಡು, ಅಂಗಳದಲ್ಲಿ ನೀಲಿ ಹೂವಿನ ಗಿಡಗಳು. ಎದುರು ಗೋಧಿಯ ಗದ್ದೆ. ಗದ್ದೆ ದಾಟಿದರೆ ಕಡಲು, ಐನೂರು ಹೆಜ್ಜೆಯೂ ಆಗದು. ಅಡಿಗೆಮನೆಯ ಕಿಟಕಿಯಿಂದ ಅದು ಹೆಬ್ಬೆರಳಿನಷ್ಟು ಅಗಲದ ಒಂದು ನೀಲಿ ಪಟ್ಟಿಯಾಗಿ ಕಾಣುತ್ತಿತ್ತು.

ಮೊದಲ ದಿನವೇ ಒಂದು ರಗಳೆಯಾಯಿತು. ದೇವಕಿ ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಹೊಗೆ ತಾಗಿ ಮಾಡಿನಡಿಯ ಯಾವುದೋ ಯಂತ್ರ ಕಿವಿ ಹರಿಯುವ ಹಾಗೆ ಕೂಗಿಕೊಂಡಿತು. ಪಕ್ಕದ ಚಿಕ್ಕ ಮನೆಯಿಂದ ಬಿಳಿಕೂದಲಿನ ಹೆಂಗಸೊಬ್ಬಳು ಓಡಿ ಬಂದು, ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿದಳು. ಮನೆಯ ಒಡತಿ ಅವಳೇ, ಹೆಸರು ಸೊಲಾಂಜ್. ಎಪ್ಪತ್ತೆರಡು ವರ್ಷ, ನಿವೃತ್ತ ಶಾಲಾ ಶಿಕ್ಷಕಿ, ಮೀನುಗಾರನ ವಿಧವೆ. ಸಮೃದ್ಧಿ ಆನ್‌ಲೈನಿನಲ್ಲಿ ಎರಡು ವರ್ಷ ಫ್ರೆಂಚ್ ಕಲಿತಿದ್ದಳು, ಮಾತು ಅವಳ ಮೂಲಕವೇ. ಸೊಲಾಂಜ್ ಎಲ್ಲರ ಕೈ ಕುಲುಕಿ, ಸೌಟು ಹಿಡಿದು ಬೆವರುತ್ತ ನಿಂತಿದ್ದ ದೇವಕಿಯನ್ನು ನೋಡಿ, ಇವರು ಯಾರು ಎಂದು ಕೇಳಿದಳು.

ಸುಜಯ ಗಂಟಲು ಸರಿಮಾಡಿಕೊಂಡರು. ಬಾಡಿಗೆ ಚೀಟಿಯಲ್ಲೂ ಅದೇ ಸಂಬಂಧ ಬರೆದುಕೊಟ್ಟಿದ್ದರು. "ನನ್ನ ಹೆಂಡತಿಯ ಚಿಕ್ಕಮ್ಮ" ಅಂದರು. ಸೊಲಾಂಜ್ ದೇವಕಿಯ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದಳು. ಒಳಗೆ ಕುಳಿತಿದ್ದ ಸುಬ್ಬಲಕ್ಷ್ಮಮ್ಮ, "ಮತ್ತೆ ಮಿಂದು ಬಾ" ಅಂದರು.

ಸಮೃದ್ಧಿ ಒಂದು ಹಾಳೆಯಲ್ಲಿ ದಿನಕ್ಕೊಂದರಂತೆ ಮಾಡಬೇಕಾದ್ದನ್ನೆಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಒಂದು ದಿನ ದೀಪಸ್ತಂಭ ಹತ್ತಿದರು. ಒಂದು ದಿನ ವಾರದ ಸಂತೆ. ಉಪ್ಪಿನ ಗದ್ದೆಗಳನ್ನು ನೋಡಿ ಬಂದು, ನಮ್ಮ ಸಾಣಿಕಟ್ಟೆಯಲ್ಲೂ ಇದೇ ಅಲ್ಲವೇ ಎಂದು ಸುಜಯ ಅಂದದ್ದಕ್ಕೆ ಅಭಿಜ್ಞಾ ಮುನಿಸಿಕೊಂಡಳು. ಸೈಕಲ್ ಬಾಡಿಗೆಗೆ ತೆಗೆದುಕೊಂಡು ಗದ್ದೆಯ ಬದುವಿನಂಥ ದಾರಿಗಳಲ್ಲಿ ತಿರುಗಿದರು. ಸೇಬಿನ ತೋಟಕ್ಕೆ ಹೋಗಿ ಅಲ್ಲಿಯ ರಸ ಕುಡಿದರು. ಕಾರಿನಲ್ಲಿ ಐದು ಜನಕ್ಕೆ ಜಾಗವಿತ್ತು. ಹತ್ತಿರದ ಜಾಗವಾದರೆ ಸುಬ್ಬಲಕ್ಷ್ಮಮ್ಮನೂ ಹೋಗುತ್ತಿದ್ದರು, ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಹಾಜರು. ಬಿಸಿ ಅನ್ನ ಆ ಹೊತ್ತಿಗೆ ಇಳಿದಿರಬೇಕು. ಹಾಗಾಗಿ ಐದನೆಯ ಜಾಗದಲ್ಲಿ ಛತ್ರಿ, ನೀರಿನ ಬಾಟಲಿ, ಅವಲಕ್ಕಿಯ ಡಬ್ಬಿ ಕುಳಿತವು. ಅವರು ಕಂಡದ್ದನ್ನೆಲ್ಲ ದೇವಕಿ ಸಂಜೆ ಪಾತ್ರೆ ತಿಕ್ಕುತ್ತ ಕೇಳಿದಳು.

ನಾಲ್ಕನೆಯ ಸಂಜೆ ಅವಳೇ ಬಾಯಿಬಿಟ್ಟಳು. "ನಾಳೆ ಆನೂ ಬರ್ಲಾ ಅಕ್ಕ?"

"ನಾಳೆ ಬ್ಯಾಡ ದೇವಕಿ. ಅತ್ತೆಗೆ ಅಡಿಗೆ ಯಾರು ಮಾಡ್ತ? ನಾಡಿದ್ದು ನೋಡನ."

ನಾಡಿದ್ದು ಬಂತು, ಹೋಯಿತು. ದೇವಕಿಗೆ ಮಗಳ ಮಾತು ನೆನಪಾಯಿತು. ಆದರೂ ಯಾರ ಮೇಲೂ ಸಿಟ್ಟು ಬರಲಿಲ್ಲ. ಬಂದದ್ದು ಒಂದು ಬಗೆಯ ನಾಚಿಕೆ, ಕರೆಯದ ಮನೆಯ ಊಟಕ್ಕೆ ಬಂದು ಕೈತೊಳೆದು ಕೂತವರಿಗೆ ಬರುವಂಥದ್ದು.

ಏಳನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸೊಲಾಂಜ್ ಒಂದು ಬುಟ್ಟಿ, ಸಣ್ಣ ಗುದ್ದಲಿಯಂಥದೊಂದು ಹತಾರು, ಎರಡು ಜೊತೆ ಮೊಣಕಾಲುದ್ದದ ರಬ್ಬರ್ ಬೂಟು ಹಿಡಿದು ಬಂದಳು. ಇವತ್ತು ತಿಂಗಳಲ್ಲೇ ದೊಡ್ಡ ಇಳಿತ, ಕಡಲು ಬಹುದೂರ ಹಿಂದೆ ಹೋಗುತ್ತದೆ, ಎದುರಿನ ಪುಟ್ಟ ದ್ವೀಪಕ್ಕೆ ನಡೆದೇ ಹೋಗಿಬರಬಹುದು ಎಂದಳು. ನೀವೆಲ್ಲ ದಿನಾ ತಿರುಗುತ್ತೀರಿ, ಈ ಚಿಕ್ಕಮ್ಮ ಮಾತ್ರ ಹೊರಗೆ ಬಂದದ್ದನ್ನೇ ಕಂಡಿಲ್ಲ, ಕಾಲುನೋವೇ, ಇಲ್ಲವಾದರೆ ನಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಸಮೃದ್ಧಿ ಇದನ್ನೆಲ್ಲ ಕನ್ನಡಕ್ಕೆ ತಂದು ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಿದರು. ಚಿಕ್ಕಮ್ಮನಾದವಳು ಅಡಿಗೆ ಬಿಟ್ಟು ಬರುವಂತಿಲ್ಲ ಎಂದು ಹೇಳುವುದು ಹೇಗೆ?

ಅಭಿಜ್ಞಾ ಮುಗುಳ್ನಕ್ಕಳು. "ಹೋಗ್ಬನ್ನಿ ಚಿಕ್ಕಿ" ಅಂದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಹುವಚನ. ದೇವಕಿ ಬೇಳೆ ಬೇಯಲು ಇಟ್ಟು, ಉಳಿದದ್ದನ್ನು ಅಭಿಜ್ಞಾಳಿಗೆ ಹೇಳಿ, ಸೀರೆ ಎತ್ತಿ ಕಟ್ಟಿ, ಬೂಟು ಹಾಕಿಕೊಂಡು ಹೊರಟಳು. ಸುಬ್ಬಲಕ್ಷ್ಮಮ್ಮನ ಜೊತೆ ಸೊಸೆ ಮೊಮ್ಮಗಳು ಇಬ್ಬರೂ ಮನೆಯಲ್ಲೇ ಇದ್ದರು.

ಕಡಲನ್ನು ಅವಳು ಗೋಕರ್ಣದಲ್ಲಿ ಎಷ್ಟೋ ಸಲ ಕಂಡಿದ್ದಳು. ಆದರೆ ಅಲ್ಲಿಯ ಕಡಲು ಹೀಗೆ ಮನೆ ಖಾಲಿ ಮಾಡಿಕೊಂಡು ಹೋಗುವುದಿಲ್ಲ. ಇಲ್ಲಿ ಅದು ಹೋದ ಮೇಲೆ ಅದರ ನೆಲವೆಲ್ಲ ಬರಿದಾಗಿ, ಗೆರೆಗೆರೆಯಾಗಿ, ಒದ್ದೆಯಾಗಿ ಬಿದ್ದುಕೊಂಡಿತ್ತು. ದೋಣಿಗಳು ಮಗ್ಗುಲಾಗಿ ಕೆಸರಿನಲ್ಲಿ ಮಲಗಿದ್ದವು. ಬಂಡೆಯ ಸಂದಿಯಲ್ಲಿ ಉಳಿದ ನೀರಿನೊಳಗೆ ಏನೇನೋ ಹರಿದಾಡುತ್ತಿದ್ದವು. ಸೊಲಾಂಜ್ ಮರಳು ಕೆದಕಿ ಚಿಪ್ಪು ಹೆಕ್ಕಿದಳು. ದೇವಕಿ ತಲೆಯಾಡಿಸಿದಾಗ ಒತ್ತಾಯ ಮಾಡಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ದ್ವೀಪದ ಚಿಕ್ಕ ಗುಡಿಯ ಮೆಟ್ಟಿಲ ಮೇಲೆ ಕೂತು ಸೊಲಾಂಜ್ ಕಡಲಿನ ಕಡೆ ಕೈ ತೋರಿಸಿದಳು, ತನ್ನ ಉಂಗುರ ಮುಟ್ಟಿಕೊಂಡಳು, ಅಂಗೈ ಮಗುಚಿದಳು. ಗಂಡ ಅಲ್ಲಿಯೇ ಹೋದ. ದೇವಕಿ ತನ್ನ ಬರಿಯ ಕತ್ತು ಮುಟ್ಟಿಕೊಂಡು, ಹದಿನಾಲ್ಕು ಎಂದು ಬೆರಳಲ್ಲಿ ತೋರಿಸಿದಳು. ಅಷ್ಟು ಸಾಕಾಯಿತು.

ಮರಳುವಾಗ ಜೌಗಿನ ಅಂಚಿನಲ್ಲಿ ಸೊಲಾಂಜ್ ಒಂದು ಹಸಿರು ಗಿಡದ ಚಿಗುರು ಕಿತ್ತು ತಾನು ತಿಂದು, ಅವಳಿಗೂ ಕೊಟ್ಟಳು. ಎಲೆಯೇ ಇಲ್ಲದ, ಗಣ್ಣು ಗಣ್ಣಾದ, ಕಟುಂಕೆಂದು ಮುರಿಯುವ ಚಿಗುರು. ಉಪ್ಪುಪ್ಪು. ಅಡಿಗೆಯವಳ ನಾಲಿಗೆ, ಅದಕ್ಕೆ ತೋಚಿದ್ದು ಒಂದೇ. ಸೆರಗು ತುಂಬ ಕಿತ್ತು ತಂದಳು. ಬೇಯಿಸಿ, ಕೊಬ್ಬರಿ ಜೀರಿಗೆ ಮೆಣಸು ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದಳು. ಸುಬ್ಬಲಕ್ಷ್ಮಮ್ಮ ಎರಡು ಸಲ ಹಾಕಿಸಿಕೊಂಡು ಉಂಡರು.

"ಒಳ್ಳೇದಿದ್ದು. ಎಂತಾ ಸೊಪ್ಪು ಇದು?"

"ಸಮುದ್ರದ ಬದಿಗೆ ಬೆಳಿತಡ ಅಮ್ಮ."

ಸುಬ್ಬಲಕ್ಷ್ಮಮ್ಮ ಕೈ ನಿಲ್ಲಿಸಿ, ಅದು ಮಡಿಗೆ ಸಲ್ಲುವುದೋ ಇಲ್ಲವೋ ಎಂದು ಯೋಚಿಸಿದರು. "ಉಂಡಾತು. ಇನ್ನು ಎಂತಾ ಮಾಡದು" ಎಂದು ಉಳಿದದ್ದನ್ನೂ ಉಂಡರು.

ಆ ದಿನದಿಂದ ದೇವಕಿಯ ನಡಿಗೆಯೇ ಬೇರೆಯಾಗಿತ್ತು. ಅದು ಮೂರು ದಿನ ಉಳಿಯಿತು.

ಶನಿವಾರ ಸಂಜೆ ಸೊಲಾಂಜ್ ಎಲ್ಲರನ್ನೂ ಊಟಕ್ಕೆ ಕರೆದಳು. ಏಳು ಗಂಟೆಯಾದರೂ ಹೊರಗೆ ಮಧ್ಯಾಹ್ನದ ಬಿಸಿಲು. ಆ ಕಾಲದಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಹತ್ತಕ್ಕೆ. ಅಂಗಳದ ಸೇಬಿನ ಮರದಡಿ ಉದ್ದನೆಯ ಮೇಜು. ಮಾಂಸ ಮೊಟ್ಟೆ ಇಲ್ಲದ, ಕಪ್ಪು ಹಿಟ್ಟಿನ ದೋಸೆಯಂಥದನ್ನು ಅವಳೇ ಹೊಯ್ದಿದ್ದಳು. ಸುಬ್ಬಲಕ್ಷ್ಮಮ್ಮ ಒಂದು ಸೇಬು ಹಣ್ಣು ಹಿಡಿದು ಕೂತರು. ಸೊಲಾಂಜ್ ದೇವಕಿಯ ರಟ್ಟೆ ಹಿಡಿದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಆ ಮನೆಯವರ ಎದುರು ದೇವಕಿ ಕುರ್ಚಿಯ ಮೇಲೆ ಕೂತು ಉಂಡದ್ದು ಅದೇ ಮೊದಲು. ಬಡಿಸಲು ಕೈ ಏಳುತ್ತಿತ್ತು, ಏಳದಂತೆ ಸೊಲಾಂಜ್ ಒತ್ತಿ ಹಿಡಿಯುತ್ತಿದ್ದಳು.

ನಡುವೆ, ಅಭಿಜ್ಞಾಳ ತಾಯಿ ಈಗಿಲ್ಲವೆಂಬ ಮಾತು ಬಂದಾಗ, ಸೊಲಾಂಜ್ ಏನೋ ಕೇಳಿದಳು. ಸಮೃದ್ಧಿ ಹೇಳಿದಳು: "ಅವರದ್ದೂ ಅಕ್ಕ ತೀರ್ಕಂಡು ಎರಡು ವರ್ಷ ಆತಡ. ನಿನ್ನ ಅಕ್ಕ, ಅಂದ್ರೆ ಆಯಿಯ ಆಯಿ, ಹ್ಯಾಂಗಿತ್ತು ಕೇಳ್ತಾ ಇದ್ದ."

ಬಾಯಿಪಾಠ ಮಾಡಿದ್ದು ದೇವಕಿಯ ನಾಲಿಗೆಯ ತುದಿಯಲ್ಲೇ ಇತ್ತು: ಹೆಗಡೆಕಟ್ಟಾ, ಆರು ಮಂದಿ ಅಕ್ಕತಂಗಿಯರು, ಹಿರಿಯವಳು ಭಾಗೀರಥಿ. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಹೆಂಗಸು ಕೇಳಿದ ರೀತಿ ಹಾಗಿರಲಿಲ್ಲ. ಆ ಮೂರು ತಿಂಗಳ ಬಗ್ಗೆ ದೇವಕಿಯನ್ನು ಯಾರೂ, ಒಂದು ದಿನವೂ, ಏನೂ ಕೇಳಿರಲಿಲ್ಲ. ಅವಳು ಕಂಡದ್ದನ್ನೇ ಹೇಳತೊಡಗಿದಳು.

"ಬಾಳಾ ಒಳ್ಳೇದಿತ್ತು. ಗಂಜಿಗೆ ಉಪ್ಪು ಹೆಚ್ಚಾದ್ರೂ ಹೇಳ್ತಿತ್ತಿಲ್ಲೆ, ಎಂಗೆ ಬೇಜಾರಾಗ್ತು ಹೇಳಿ. ಕಡೇ ಎಂಟು ದಿನ ಬಾಗಿಲನ್ನೇ ನೋಡ್ತಿತ್ತು. ಕಾರಿನ ಶಬ್ದ ಆದ್ರೆ ಸಾಕು, ಅಭಿ ಬಂತಾ ಕೇಳ್ತಿತ್ತು. ಈಗ ಬತ್ತು, ಇದೊಂದು ಗುಟುಕು ಕುಡಿ ಹೇಳಿ ಕುಡಿಸ್ತಿದ್ದೆ. ಸುಳ್ಳು ಹೇಳಿ ಹೇಳಿ ಉಣಿಸಿದ್ದು ಆನು. ಕಡಿಗೆ ಕೇಳದೂ ಬಿಡ್ತು."

ಸಮೃದ್ಧಿ ವಾಕ್ಯಕ್ಕೆ ವಾಕ್ಯ ಫ್ರೆಂಚಿಗೆ ತಿರುಗಿಸುತ್ತಿದ್ದವಳು ನಡುವೆ ತಡವರಿಸಿದಳು, ಅಮ್ಮನನ್ನು ನೋಡಿದಳು, ಆಮೇಲೆ ಸಣ್ಣ ದನಿಯಲ್ಲಿ ಮುಗಿಸಿದಳು. ಅಭಿಜ್ಞಾ ತಟ್ಟೆ ನೋಡುತ್ತ ಕೂತಿದ್ದಳು. ಆ ಎಂಟು ದಿನ ಅವಳು ಗಂಡನ ಜೊತೆ ಸಿಂಗಾಪುರದಲ್ಲಿದ್ದಳು. ತಾಯಿಯ ಸ್ಥಿತಿ ಅಷ್ಟು ಬಿಗಡಾಯಿಸುತ್ತದೆಂದು ಡಾಕ್ಟರರೂ ಹೇಳಿರಲಿಲ್ಲ. ಅವಳು ಬಂದು ಮುಟ್ಟುವ ಹಿಂದಿನ ದಿನ ಭಾಗೀರಥಿ ಹೋಗಿಬಿಟ್ಟಿದ್ದರು. ನಿದ್ದೆಯಲ್ಲೇ ಹೋದರು, ಯಾರನ್ನೂ ಹಂಬಲಿಸಲಿಲ್ಲ ಎಂದು ಅಭಿಜ್ಞಾ ಎಲ್ಲರಿಗೂ ಹೇಳುತ್ತಿದ್ದಳು. ಹೇಳಿ ಹೇಳಿ ತಾನೂ ನಂಬಿದ್ದಳು.

ಸೊಲಾಂಜ್ ಎದ್ದು ಬಂದು ಅಭಿಜ್ಞಾಳ ತಲೆಯನ್ನು ಎದೆಗೆ ಒತ್ತಿಕೊಂಡಳು. ನಿನಗೆ ಇಂಥ ಚಿಕ್ಕಮ್ಮ ಇದ್ದಾಳಲ್ಲ ಎಂದೇನೋ ಹೇಳಿದಳು. ಅದನ್ನು ಸಮೃದ್ಧಿ ಕನ್ನಡಕ್ಕೆ ತರಲಿಲ್ಲ.

ಮನೆಗೆ ಮರಳುವ ದಾರಿ ಬೇಲಿಯ ನಡುವಿನ ನಲವತ್ತು ಹೆಜ್ಜೆ. ಉಳಿದವರು ಮುಂದೆ ಹೋದ ಮೇಲೆ ಅಭಿಜ್ಞಾ ನಿಂತಳು.

"ನಿನ್ನ ಚಿಕ್ಕಿ ಹೇಳಿ ಬರ್ದಿದ್ದು ವೀಸಾದವಕ್ಕೆ. ಎನ್ನ ಆಯಿಗೆ ತಂಗಿ ಆಪಲೆ ಅಲ್ಲ."

"ಆನು ಇದ್ದಿದ್ದೇ ಹೇಳಿದ್ದು ಅಕ್ಕ."

"ಇದ್ದಿದ್ದು ಹೇಳು ಹೇಳಿ ನಿನ್ನ ಯಾರು ಕೇಳಿದ್ದು?"

"ಆ ಮನೆ ಅಮ್ಮ ಕೇಳ್ತಲ್ಲ" ಅಂದಳು ದೇವಕಿ.

ಅಭಿಜ್ಞಾ ಮತ್ತೆ ಮಾತಾಡಲಿಲ್ಲ. ಉಳಿದ ಎರಡು ದಿನವೂ ಆಡಲಿಲ್ಲ. ಬೇಕಾದ್ದನ್ನು ಸಮೃದ್ಧಿಯ ಬಾಯಲ್ಲಿ ಹೇಳಿಸುತ್ತಿದ್ದಳು, ಸೊಲಾಂಜ್‌ಳ ಹತ್ತಿರ ಮಾತಾಡುವಂತೆಯೇ. ಹೊರಡುವ ಬೆಳಿಗ್ಗೆ ಸೊಲಾಂಜ್ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟೊಂದನ್ನು ದೇವಕಿಯ ಕೈಗೆ ಕೊಟ್ಟು ಮತ್ತೆ ಕೆನ್ನೆಗೆ ಕೆನ್ನೆ ತಾಗಿಸಿದಳು. ಪೆಟ್ಟಿಗೆ ಭಾರವಾಗುತ್ತದೆಂದು ಅಭಿಜ್ಞಾ ಅದನ್ನು ಅಡಿಗೆಮನೆಯ ಕಟ್ಟೆಯ ಮೇಲೆಯೇ ತೆಗೆದಿಡಿಸಿದಳು. ಬರುವಾಗ ಅಕ್ಕಿ ತಂದಿದ್ದ ಪೆಟ್ಟಿಗೆ ಖಾಲಿಯಿತ್ತು.

ಶಿರಸಿಗೆ ಬಂದ ಐದನೆಯ ದಿನ ಸುಜಯ ದೇವಕಿಯ ಬಾಡಿಗೆ ಕೋಣೆಯ ತನಕ ಬಂದರು. ಒಳಗೆ ಬರಲಿಲ್ಲ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಕೆಟ್ಟವರಲ್ಲ ಅವರು, ಮಾತು ಹುಡುಕುತ್ತಿದ್ದರು.

"ನೀನೂ ದಣಿದಿದ್ದೆ ದೇವಕಿ. ಸ್ವಲ್ಪ ದಿನ ವಿಶ್ರಾಂತಿ ತಗ. ಅಡಿಗೆಗೆ ಸಿದ್ದಾಪುರದಿಂದ ಒಬ್ಬವು ಬೈಂದ, ಸದ್ಯಕ್ಕೆ ನಡಿತು."

"ಅಮ್ಮ ಅವರ ಕೈಯದ್ದು ಉಣ್ತ್ರಾ?"

"ನೋಡನ" ಅಂದರು ಸುಜಯ.

ದೇವಕಿಗೆ ಅದೊಂದು ನಂಬಿಕೆ ಇತ್ತು. ಸುಬ್ಬಲಕ್ಷ್ಮಮ್ಮನಿಗೆ ತನ್ನ ಕೈಯಲ್ಲದೆ ಬೇರೆಯದು ಸೇರದು. ಇವತ್ತಲ್ಲ ನಾಳೆ ಕರೆ ಬಂದೇ ಬರುತ್ತದೆ. ದಿನಾ ಬೆಳಿಗ್ಗೆ ಮಿಂದು, ತಲೆ ಬಾಚಿ, ಕಾದಳು. ಆ ಮನೆಗೆ ಹಾಲು ಹಾಕುವ ಕೆರಿಯ ಒಂದು ದಿನ ದಾರಿಯಲ್ಲಿ ಸಿಕ್ಕಿದ. "ದೊಡ್ಡಮ್ಮ ಮೂರು ದಿವ್ಸ ಬರೀ ಅವಲಕ್ಕಿ ತಿಂದ್ರಂತ್ರಾ. ನಾಕನೇ ದಿವ್ಸ ಹೊಸಬರು ಮಾಡಿದ್ದೇ ಉಂಡ್ರು. ಚಲೋ ಅದೆ ಅಂದ್ರಂತೆ" ಎಂದ. ಕೆಲಸ ಹೋದದ್ದಕ್ಕಿಂತ ಅವಳಿಗೆ ಅದು ಹೆಚ್ಚು ನಾಟಿತು. ಹನ್ನೊಂದು ವರ್ಷದ ರುಚಿ ಮೂರು ದಿನದ ಅವಲಕ್ಕಿಗೆ ತೊಳೆದುಹೋಗಿತ್ತು.

ಆಮೇಲೆ ಮಾತು ಹಬ್ಬಿತು. ಯಾರು ಹಬ್ಬಿಸಿದರೆಂದು ಕೈಯಿಟ್ಟು ತೋರಿಸುವಂತಿಲ್ಲ. ದೇವಕಿ ಫ್ರಾನ್ಸಿನಲ್ಲಿ ಮುದುಕಿಯೊಬ್ಬರನ್ನೇ ಮನೆಯಲ್ಲಿ ಬಿಟ್ಟು ಸಮುದ್ರ ನೋಡಲು ಹೋಗಿದ್ದಳಂತೆ, ಬೂಟು ಹಾಕಿಕೊಂಡು ಬಿಳಿ ಹೆಂಗಸಿನ ಜೊತೆ ತಿರುಗಿದಳಂತೆ, ಮನೆಯವರ ಎದುರೇ ಕುರ್ಚಿಯ ಮೇಲೆ ಕೂತು ಮನೆಯ ಗುಟ್ಟೆಲ್ಲ ಆಡಿದಳಂತೆ. ಅವಳು ಕೆಲಸ ಕೇಳಲು ಹೋದ ಎರಡು ಮನೆಯಲ್ಲೂ "ನೋಡಿ ಹೇಳ್ತ್ಯ" ಅಂದರು. ಇದ್ದ ಸಂಗತಿ ಹೇಳೋಣವೆಂದರೆ ಎಲ್ಲಿಂದ ಶುರುಮಾಡುವುದು? ತಾನು ಯಾವ ಸಂಬಂಧದ ಮೇಲೆ ಹೋದೆ ಎಂಬಲ್ಲಿಂದ. ಆ ಕಾಗದಕ್ಕೆ ಸಹಿ ಹಾಕಿದವಳು ಅವಳೇ. ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಭೂಮಿಕಾ ಬಂದು ಸಾಮಾನು ಕಟ್ಟಿಸಿ ಯಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಆನು ಹೇಳಿದ್ದೆ ಎಂದು ಒಮ್ಮೆಯೂ ಅನ್ನಲಿಲ್ಲ. ಅನ್ನದೇ ಇದ್ದದ್ದು ದೇವಕಿಗೆ ಮತ್ತೂ ಕಷ್ಟವಾಯಿತು. ಅಲ್ಲಿ ಉಲ್ಲಾಸ ಭಟ್ಟನೆಂಬ ಅಡಿಗೆ ಗುತ್ತಿಗೆಯವನ ತಂಡಕ್ಕೆ ಸೇರಿದಳು. ಇವತ್ತು ಇಡಗುಂದಿಯಲ್ಲಿ ಉಪನಯನ, ನಾಳೆ ಚಂದಗುಳಿಯಲ್ಲಿ ಸಂತರ್ಪಣೆ. ಐನೂರು ಜನಕ್ಕೆ ಬೇಯಿಸುವ ಅಡಿಗೆಯಲ್ಲಿ ಯಾರ ಕೈ ಯಾವುದು ಎಂದು ಗೊತ್ತಾಗುವುದಿಲ್ಲ. ಅವಳಿಗೆ ಅದೇ ಸಮಾಧಾನ.

ಡಿಸೆಂಬರಿನಲ್ಲಿ ಯಲ್ಲಾಪುರದ ಒಂದು ಸಭಾಭವನದಲ್ಲಿ ಮದುವೆ. ಮೊದಲ ಪಂಕ್ತಿಗೆ ಬಡಿಸುವವರು ಸಾಲದೆ ಉಲ್ಲಾಸ ಭಟ್ಟ ದೇವಕಿಯ ಕೈಗೂ ಅಪ್ಪೆಹುಳಿ ಸಾರಿನ ಬಕೆಟ್ಟು ಕೊಟ್ಟ. ಸಾಲಿನ ನಡುವೆ ಅಭಿಜ್ಞಾ ಕೂತಿದ್ದಳು, ಪಕ್ಕದಲ್ಲಿ ಸಮೃದ್ಧಿ. ಸಮೃದ್ಧಿ ಮುಖವೆತ್ತಿ ನಕ್ಕಳು. ಅಭಿಜ್ಞಾ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ದೇವಕಿ ಮುಂದಿನ ಎಲೆಗೆ ಹೋದಳು.

ಆ ಪಂಕ್ತಿಯ ಊಟ ಮುಗಿದ ಮೇಲೆ ಅವಳು ಭವನದ ಹಿಂದೆ, ಕೊಪ್ಪರಿಗೆಗಳ ಹತ್ತಿರ, ಎರಡನೆಯ ಪಂಕ್ತಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದಾಗ ಅಭಿಜ್ಞಾ ಬಂದಳು. ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಕೆಸರು ತಪ್ಪಿಸುತ್ತ ಬಂದು ನಿಂತಳು. ಸೊರಗಿದ್ದಳು. ಸುತ್ತ ಯಾರೂ ಇರಲಿಲ್ಲ.

"ಆರಾಮಿದ್ಯಾ ದೇವಕಿ?"

"ಅಡ್ಡಿಲ್ಲೆ ಅಕ್ಕ. ಅಮ್ಮ ಹ್ಯಾಂಗಿದ್ದ?"

"ಇದ್ದ." ಅಭಿಜ್ಞಾ ನಿರಿಗೆ ಕೆಳಗೆ ಬಿಟ್ಟು ಕೇಳಿದಳು, "ಆಯಿ ಕಡಿಗೆ ಎಂತಾದ್ರೂ ಹೇಳಿತ್ತಾ? ಕಡೇ ದಿನ?"

ಹೇಳಿದ್ದರು. ಕಡೆಯ ಬೆಳಿಗ್ಗೆ ಎರಡು ಚಮಚ ಗಂಜಿಯಾದ ಮೇಲೆ ಭಾಗೀರಥಿ ದೇವಕಿಯ ಮಣಿಕಟ್ಟು ಹಿಡಿದುಕೊಂಡು, ಉಸಿರು ಹೆಕ್ಕಿ ಹೆಕ್ಕಿ ಹೇಳಿದ್ದರು: "ಅಭಿ ಬಂದ ಕೂಡ್ಲೆ ಯಾರೂ ಬೈಯಡಿ. ಅದು ತಿರುಗ್ಲಿ. ಆನು ಗೋಕರ್ಣದಾಚೆಗೆ ಎಂತೂ ನೋಡಿದ್ನಿಲ್ಲೆ. ಅದಾದ್ರೂ ನೋಡ್ಲಿ." ಅಭಿಜ್ಞಾ ಬಂದು ಮುಟ್ಟಿದಾಗ ಮನೆಯ ತುಂಬ ನೆಂಟರು, ಅಳು. ಆ ಗದ್ದಲದಲ್ಲಿ ಅಡಿಗೆಯವಳ ಮಾತಿಗೆ ಜಾಗವಿರಲಿಲ್ಲ. ಆಮೇಲೆ ದಿನ ಕಳೆದವು, ಕೇಳುವವರಿಲ್ಲದೆ ಮಾತು ಒಳಗೇ ಉಳಿಯಿತು. ಆ ಶನಿವಾರ ಸೇಬಿನ ಮರದಡಿ ಅದನ್ನೂ ಹೇಳುವವಳೇ ಇದ್ದಳು. ಅಷ್ಟರಲ್ಲಿ ಸೊಲಾಂಜ್ ಎದ್ದಿದ್ದಳು.

ಈಗ ಆ ನಾಲ್ಕು ಮಾತು ಆಡಿದರೆ ಎದುರು ನಿಂತವಳ ಎದೆಯ ಮೇಲಿನ ಕಲ್ಲು ಇಳಿಯುತ್ತದೆಂದು ದೇವಕಿಗೆ ಗೊತ್ತಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತ ಸುಜಯ ಕಣ್ಣಿಗೆ ಬಂದರು. "ನೋಡಿ ಹೇಳ್ತ್ಯ" ಅಂದ ಎರಡು ಮನೆಗಳು ಬಂದವು. ಎಲೆಯ ಮೇಲೆ ಅಡ್ಡ ಹಿಡಿದ ಕೈ ಬಂತು.

"ಎಂತೂ ಹೇಳಿದ್ದಿಲ್ಲೆ" ಅಂದಳು. "ಕಡೇ ದಿನ ಮಾತೇ ಇತ್ತಿಲ್ಲೆ."

ಅಭಿಜ್ಞಾ ತಲೆಯಾಡಿಸಿದಳು. ಇನ್ನೂ ಏನೋ ಬರಬಹುದೆಂದು ಒಂದು ಗಳಿಗೆ ನಿಂತು, ನಿರಿಗೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು.

ಹೊಟ್ಟೆ ತಣ್ಣಗಾದೀತು ಅಂದುಕೊಂಡಿದ್ದಳು ದೇವಕಿ. ಆಗಲಿಲ್ಲ. ಕೈ ನಿಂಬೆಹಣ್ಣು ಹೆಚ್ಚುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಸಮೃದ್ಧಿ ಓಡುತ್ತ ಬಂದಳು.

"ಆಯಿ ಕಾರಲ್ಲಿ ಕೂತು ಅಳ್ತಾ ಇದ್ದು. ನೀನು ಎಂತಾ ಹೇಳಿದೆ ಅದಕ್ಕೆ?"

"ಆನು ಎಂತೂ ಹೇಳಿದ್ನಿಲ್ಲೆ ತಂಗಿ" ಅಂದಳು ದೇವಕಿ. ಆ ಮಾತು ನಿಜವಾಗಿತ್ತು.

ಹುಡುಗಿ ಒಂದು ಕ್ಷಣ ಅವಳ ಮುಖ ನೋಡಿ, ತಿರುಗಿ ಹೋದಳು. ಭವನದ ಮುಂದೆ ಕಾರು ಶುರುವಾದ ಶಬ್ದ ಕೇಳಿಸಿತು. ದೇವಕಿ ಚೂರಿ ಕೆಳಗಿಟ್ಟು ಎದ್ದಳು. ಮೂಲೆಯ ತನಕ ನಾಲ್ಕು ಹೆಜ್ಜೆ ಬಿರುಸಾಗಿ ಹೋದಳು, ಅಲ್ಲಿಂದ ಗೇಟು ಕಾಣುತ್ತದೆ. ಅಷ್ಟರಲ್ಲಿ ಕಾರು ರಸ್ತೆಗಿಳಿದು ಶಿರಸಿಯ ಕಡೆ ಮುಖ ಮಾಡಿತ್ತು.

ಒಳಗಿನಿಂದ ಉಲ್ಲಾಸ ಭಟ್ಟ, ಎರಡನೆಯ ಪಂಕ್ತಿಗೆ ಎಲೆ ಹಾಕಿಯಾಯಿತೆಂದು ಕೂಗಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅನ್ನದ ಬುಟ್ಟಿ ಎತ್ತಲು ಹೋದಳು.